ನೂರಕ್ಕೆ ನೂರು ಬಂದರೆ ಫ್ರೆಂಚ್ ಬಂದಂತೆಯೇ?

ಶಾಲೆ–ಕಾಲೇಜು ಶುರುವಾಗುವ ದಿನಗಳಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಯೂನಿಫಾರ್ಮು, ಚೀಲ, ನೋಟಬುಕ್ಕು ಕೊಳ್ಳಲು ಬಂದ ತಂದೆ–ತಾಯಂದಿರ ಮಾತು ಒಂದು ಹಂತದಲ್ಲಿ ಭಾಷೆಯ ಆಯ್ಕೆಗೆ ಬಂದು ನಿಲ್ಲುತ್ತದೆ. ‘ಸೆಕೆಂಡ್ ಲ್ಯಾಂಗ್ವೇಜ್ ಏನ್ ಕೊಡಸಿದ್ರಿ?’ ‘ಫ್ರೆಂಚ್ ರೀ. ಸ್ಕೋರಿಂಗ್ ಅದ ಅಂತ ಎಲ್ಲಾರೂ ಹೇಳ್ತಾರ.’ ಅಲ್ಲಿಗೆ ಮಾತು ಮುಗಿಯುತ್ತದೆ. ಆ ಹುಡುಗ ಅಥವಾ ಹುಡುಗಿ ಎರಡು ವರ್ಷದ ನಂತರ ಫ್ರೆಂಚಿನಲ್ಲಿ ಏನನ್ನು ಓದಬಲ್ಲರು, ಏನನ್ನು ಬರೆಯಬಲ್ಲರು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಭಾಷೆಯ ಪರೀಕ್ಷೆಯ ಬಗ್ಗೆ ನಮ್ಮಲ್ಲಿ ಬೇರೂರಿರುವ ತಪ್ಪು ಕಲ್ಪನೆಗಳೆಲ್ಲ ಈ ಎತ್ತದ ಪ್ರಶ್ನೆಯಿಂದಲೇ ಹುಟ್ಟಿವೆ.

‘ಫ್ರೆಂಚ್ ತಗೊಂಡ್ರ ಮಾರ್ಕ್ಸ್ ಬೀಳ್ತಾವ, ಮುಂದ ಸೀಟು ಸಿಗ್ತದ’

ಕರ್ನಾಟಕದ ಪಿಯು ಪರೀಕ್ಷೆಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ ಸೇರಿ ಒಟ್ಟು 600 ಅಂಕ. ಆಯ್ದುಕೊಳ್ಳಬಹುದಾದ ಭಾಷೆಗಳ ಪಟ್ಟಿಯಲ್ಲಿ ಕನ್ನಡ, ಹಿಂದಿ, ಸಂಸ್ಕೃತ, ಉರ್ದು, ಮರಾಠಿಗಳ ಜೊತೆ ಫ್ರೆಂಚೂ ಇದೆ. ಭಾಷೆಯಲ್ಲಿ ಅಂಕ ಏರಿದರೆ ಒಟ್ಟು ಶೇಕಡಾವಾರು ಏರುತ್ತದೆ ಎನ್ನುವುದು ನಿಜ. ಆದರೆ ಎಂಜಿನಿಯರಿಂಗ್ ಪ್ರವೇಶದ ಸಿಇಟಿ ರ‍್ಯಾಂಕಿಗೆ ಭಾಷೆಯ ಅಂಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೆಡಿಕಲ್ ರ‍್ಯಾಂಕು ನಿರ್ಧಾರವಾಗುವುದು ನೀಟ್‌ನಿಂದ. ವಿಜ್ಞಾನ ಓದುವ ಮಗುವಿಗೆ ‘ಸೀಟಿಗಾಗಿ ಫ್ರೆಂಚ್’ ಕೊಡಿಸುವುದರಲ್ಲಿ ಅರ್ಥವಿಲ್ಲ. ಫ್ರೆಂಚ್ ಓದಲು ಒಳ್ಳೆಯ ಕಾರಣಗಳು ಬೇಕಾದಷ್ಟಿವೆ. ಇದು ಅವುಗಳಲ್ಲಿ ಒಂದಲ್ಲ.

‘ಬೋರ್ಡ್ ಪರೀಕ್ಷೆಯಲ್ಲಿ 95 ಬಂದಾವ ಅಂದ್ರ ಭಾಷಾ ಬಂದಂಗ’

ಬೋರ್ಡಿನ ಪತ್ರಿಕೆ ಏನನ್ನು ಅಳೆಯುತ್ತದೆ ಎಂದು ನೋಡಬೇಕು. ಸಿಬಿಎಸ್ಇ ಆಗಲಿ ನಮ್ಮ ರಾಜ್ಯದ ಪಿಯು ಆಗಲಿ, ಈಗ ಭಾಷೆಗೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ. ಸಿಬಿಎಸ್ಇ ಹತ್ತನೇ ತರಗತಿಯ ಪತ್ರಿಕೆಯಲ್ಲಿ ಓದಿನ ಗ್ರಹಿಕೆ, ಬರವಣಿಗೆ, ವ್ಯಾಕರಣ, ಸಂಸ್ಕೃತಿ ಎಂಬ ನಾಲ್ಕು ಭಾಗಗಳಿರುತ್ತವೆ. ಸಂಸ್ಕೃತಿಯ ಪ್ರಶ್ನೆಗಳು ‘ಆಂತ್ರ್ ಜೋನ್’ ಪಠ್ಯಪುಸ್ತಕದ ಪಾಠಗಳಿಂದಲೇ ಬರುತ್ತವೆ. ನೋಟ್ಸ್ ಬಾಯಿಪಾಠ ಮಾಡಿದವರಿಗೆ ತೊಂದರೆಯಿಲ್ಲ. ವ್ಯಾಕರಣದ್ದು ಬಹುಪಾಲು ಬಿಟ್ಟಸ್ಥಳ ತುಂಬುವ ಕೆಲಸ. ಕಿವಿಯಿಂದ ಕೇಳಿ ತಿಳಿಯುವುದು, ಬಾಯಿಬಿಟ್ಟು ಮಾತಾಡುವುದು ಲಿಖಿತ ಪತ್ರಿಕೆಯಲ್ಲಿ ಇರಲು ಸಾಧ್ಯವೇ ಇಲ್ಲ. ಅದೇನಿದ್ದರೂ ಶಾಲೆಯ ಕೈಯಲ್ಲಿರುವ ಇಪ್ಪತ್ತು ಅಂಕದಲ್ಲಿ ಅಡಗಬೇಕು.

ಇದರ ಪಕ್ಕದಲ್ಲಿ ಡೆಲ್ಫ್ ಪರೀಕ್ಷೆಯನ್ನಿಟ್ಟು ನೋಡಿ. 1985ರಲ್ಲಿ ಶುರುವಾದ, ಫ್ರಾನ್ಸಿನ ಶಿಕ್ಷಣ ಇಲಾಖೆ ಕೊಡುವ ಪ್ರಮಾಣಪತ್ರ ಇದು. ಎ1, ಎ2, ಬಿ1, ಬಿ2 ಎಂದು ನಾಲ್ಕು ಹಂತ. ಶಾಲಾ ವಿದ್ಯಾರ್ಥಿಗಳಿಗೆಂದೇ ಅವರ ವಯಸ್ಸಿಗೆ ಒಗ್ಗುವ ವಿಷಯಗಳ ಆವೃತ್ತಿಯೂ ಇದೆ. ಪ್ರತಿ ಹಂತದಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಒಂದೊಂದಕ್ಕೂ 25 ಅಂಕ. ಪಾಸಾಗಲು 100ಕ್ಕೆ 50 ಸಾಕು, ಆದರೆ ನಾಲ್ಕರಲ್ಲಿ ಯಾವುದರಲ್ಲೂ 5ಕ್ಕಿಂತ ಕಡಿಮೆ ಬರಕೂಡದು. ಬರವಣಿಗೆಯಲ್ಲಿ 25ಕ್ಕೆ 25 ತೆಗೆದು, ಮಾತಾಡಲು ಕೂತಾಗ ಬಾಯಿ ಕಟ್ಟಿದವರು ಪಾಸಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಪಠ್ಯಪುಸ್ತಕವೇ ಇಲ್ಲ. ಬರುವ ಪ್ರತಿ ಸಾಲೂ ಅಪಠಿತ.

ಬೋರ್ಡಿನಲ್ಲಿ ತೆಗೆದ ಅಂಕ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಮಗು ಪಾಠವನ್ನು ಶ್ರದ್ಧೆಯಿಂದ ಓದಿದೆ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಭಾಷೆ ಬಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು.

‘ಗದ್ಯ ಕೊಟ್ಟು ಪ್ರಶ್ನೆ ಕೇಳಿದ್ರ ತಿಳಿವಳಿಕೆ ಗೊತ್ತಾಗ್ತದ’

ಈ ನಂಬಿಕೆ ಪೋಷಕರದಷ್ಟೇ ಅಲ್ಲ, ಎಷ್ಟೋ ಶಿಕ್ಷಕರದೂ ಹೌದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆಳಗಿನ ಸಾಲುಗಳನ್ನು ಓದಿ:

‘ಸಂಜೆ ಆರಕ್ಕೆ ದುರ್ಗದಬೈಲಿನಲ್ಲಿ ಗೊಮರ ಒಂದು ಚಿಪಕಿಯನ್ನು ಲಟಗಿಸಿದ. ಆಮೇಲೆ ಅದನ್ನು ಮೂವರು ಬಿಟಪರಿಗೆ ಹಂಚಿದ. ಬಿಟಪರು ಬಹಳ ಝಲಿಕಿದರು.’

ಪ್ರಶ್ನೆ: ಗೊಮರ ಏನನ್ನು ಲಟಗಿಸಿದ? ಎಷ್ಟು ಬಿಟಪರಿಗೆ ಹಂಚಿದ? ಹಂಚಿದ ಮೇಲೆ ಬಿಟಪರು ಏನು ಮಾಡಿದರು?

ಮೂರಕ್ಕೂ ನೀವು ಸರಿಯಾದ ಉತ್ತರ ಬರೆಯಬಲ್ಲಿರಿ. ಚಿಪಕಿ ಎಂದರೇನು, ಲಟಗಿಸುವುದು ಹೇಗೆ, ಬಿಟಪರು ನಕ್ಕರೋ ಅತ್ತರೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಪದಗಳು ಯಾವ ನಿಘಂಟಿನಲ್ಲೂ ಇಲ್ಲದವು. ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕಿ, ಅದರ ಅಕ್ಕಪಕ್ಕದ ತುಂಡನ್ನು ಎತ್ತಿ ಬರೆದರೆ ಅಂಕ ಸಿಕ್ಕಿತು. ಫ್ರೆಂಚಿನಲ್ಲಿ ಇದು ಇನ್ನೂ ಸುಲಭ. ಯಾರು, ಎಲ್ಲಿ, ಯಾವಾಗ, ಎಷ್ಟು ಎಂಬುದಕ್ಕೆ ಬೆರಳೆಣಿಕೆಯ ಪ್ರಶ್ನಾರ್ಥಕ ಪದಗಳಿವೆ. ಅಷ್ಟನ್ನು ಕಲಿತ ವಿದ್ಯಾರ್ಥಿ ಗದ್ಯದ ತಲೆಬುಡ ಅರ್ಥವಾಗದೆಯೂ ಮುಕ್ಕಾಲು ಅಂಕ ಎತ್ತಬಹುದು.

ಗ್ರಹಿಕೆ ಅಳೆಯಬೇಕಾದರೆ ಉತ್ತರ ಗದ್ಯದ ಒಳಗೆ ಸಿದ್ಧವಾಗಿ ಕೂತಿರಬಾರದು. ಒಂದು ಅಂಗಡಿಯ ಫ್ರೆಂಚ್ ಸೂಚನಾಫಲಕ ಕೊಡಿ: ಸೋಮವಾರದಿಂದ ಶುಕ್ರವಾರ ಬೆಳಗ್ಗೆ 9ರಿಂದ ಸಂಜೆ 7, ಶನಿವಾರ ಮಧ್ಯಾಹ್ನ 12ರವರೆಗೆ ಮಾತ್ರ, ಭಾನುವಾರ ರಜೆ. ‘ಶನಿವಾರ ಎಷ್ಟು ಗಂಟೆಗೆ ಬಾಗಿಲು ಹಾಕುತ್ತಾರೆ?’ ಎಂದು ಕೇಳಿದರೆ ಗೊಮರನ ಕಥೆಯೇ ಆಯಿತು. ‘ನಿನ್ನ ಗೆಳೆಯನಿಗೆ ಬಿಡುವಿರುವುದು ಶನಿವಾರ ಸಂಜೆ, ಭಾನುವಾರ ಇಡೀ ದಿನ. ಅವನು ಈ ಅಂಗಡಿಗೆ ಹೋಗಬಹುದೇ? ಯಾಕೆ?’ ಎಂದು ಕೇಳಿದರೆ ಎತ್ತಿ ಬರೆಯಲು ಸಾಲೇ ಸಿಗುವುದಿಲ್ಲ. ಓದಬೇಕು, ಅರ್ಥ ಮಾಡಿಕೊಳ್ಳಬೇಕು, ತೀರ್ಮಾನಿಸಬೇಕು. ಫಲಕವೂ ಅದೇ, ಮಗುವೂ ಅದೇ. ಅಳತೆ ಮಾತ್ರ ಬೇರೆ.

ಕೌನ್ಸಿಲ್ ಆಫ್ ಯೂರೋಪ್ 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳ ಚೌಕಟ್ಟು ಓದನ್ನು ವಿವರಿಸುವುದು ಹೀಗೆಯೇ. ಎ1 ಎಂದರೆ ಫಲಕ, ಭಿತ್ತಿಪತ್ರಗಳಲ್ಲಿನ ಪರಿಚಿತ ಪದ, ತೀರಾ ಸರಳ ವಾಕ್ಯ ತಿಳಿಯುವುದು. ಎ2 ಎಂದರೆ ಜಾಹೀರಾತು, ಹೋಟೆಲಿನ ಮೆನು, ವೇಳಾಪಟ್ಟಿಗಳಲ್ಲಿ ಬೇಕಾದ ಮಾಹಿತಿಯನ್ನು ಹುಡುಕಿ ತೆಗೆಯುವುದು. ಎಲ್ಲ ಪದಗಳ ಅರ್ಥ ಗೊತ್ತಿರಬೇಕೆಂದು ಎಲ್ಲೂ ಹೇಳಿಲ್ಲ. ಪ್ರತಿ ಪದದ ಮೇಲೆ ಪೆನ್ಸಿಲಿನಲ್ಲಿ ಇಂಗ್ಲಿಷ್ ಅರ್ಥ ಬರೆಯಿಸುವ ಟ್ಯೂಷನ್ ಪದ್ಧತಿ ಈ ಸಾಮರ್ಥ್ಯವನ್ನು ಬೆಳೆಸುವುದಿಲ್ಲ, ಕೊಲ್ಲುತ್ತದೆ.

ಇನ್ನೊಂದು ಅನ್ಯಾಯವೂ ಇಲ್ಲೇ ನಡೆಯುತ್ತದೆ. ಗದ್ಯ ಚೆನ್ನಾಗಿ ಅರ್ಥವಾದ ಹುಡುಗಿ ಉತ್ತರವನ್ನು ತಪ್ಪು ಕಾಗುಣಿತದಲ್ಲಿ ಬರೆದಳೆಂದು ಓದಿನ ಅಂಕ ಕಡಿಯುತ್ತಾರೆ. ಓದು ಅಳೆಯುವಾಗ ಓದನ್ನೇ ಅಳೆಯಬೇಕು. ತರಗತಿಯ ಕಿರುಪರೀಕ್ಷೆಯಲ್ಲಿ ‘ಯಾಕೆ?’ ಎಂಬುದಕ್ಕೆ ಕನ್ನಡದಲ್ಲಿ ಉತ್ತರ ಬರೆಯಲು ಬಿಟ್ಟರೂ ತಪ್ಪಿಲ್ಲ. ಅದರಿಂದ ಗ್ರಹಿಕೆಯ ನಿಜವಾದ ಮಟ್ಟ ಕಣ್ಣಿಗೆ ಬೀಳುತ್ತದೆ.

‘ಬರವಣಿಗ್ಯಾಗ ಸ್ಪೆಲಿಂಗ್ ತಪ್ಪಿದ್ರ, ಮೇಲಿನ ಗುರುತು ಬಿಟ್ರ ಎಲ್ಲಾ ಹೋತು’

ಡೆಲ್ಫ್ ಬರವಣಿಗೆಯನ್ನು ತರಬೇತಾದ ಇಬ್ಬರು ಮೌಲ್ಯಮಾಪಕರು ಅಳತೆಗೋಲಿನ ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡುತ್ತಾರೆ. ಕೇಳಿದ್ದನ್ನು ಬರೆದಿದ್ದಾರೆಯೇ, ಯಾರಿಗೆ ಬರೆಯುತ್ತಿದ್ದೇವೆ ಎಂಬ ಅರಿವಿದೆಯೇ, ವಿಷಯ ಮುಟ್ಟಿದೆಯೇ, ಪದಸಂಪತ್ತು ಹೇಗಿದೆ, ವ್ಯಾಕರಣ ಹೇಗಿದೆ, ವಾಕ್ಯಗಳು ಒಂದಕ್ಕೊಂದು ಕೂಡುತ್ತವೆಯೇ ಎಂದು ಬಿಡಿಬಿಡಿಯಾಗಿ ತೂಗುತ್ತಾರೆ. ಕಾಗುಣಿತ ಇದರಲ್ಲಿ ಒಂದು ಪಾಲು ಮಾತ್ರ.

ತಪ್ಪುಗಳೆಲ್ಲ ಒಂದೇ ತೂಕದವಲ್ಲ. ಕೆಲವು ಸ್ವರಗಳ ಮೇಲೆ ಹಾಕುವ ಟೋಪಿಯಂಥ ಗುರುತನ್ನು 1990ರ ಕಾಗುಣಿತ ಸುಧಾರಣೆ ಅನೇಕ ಪದಗಳಲ್ಲಿ ಐಚ್ಛಿಕ ಮಾಡಿದೆ. ಹಳೆಯ ರೂಪ, ಹೊಸ ರೂಪ ಎರಡೂ ಸರಿ. ಹೊಸ ರೂಪ ಬರೆದ ಮಗುವಿಗೆ ಕೆಂಪು ಗೆರೆ ಎಳೆಯುವ ಶಿಕ್ಷಕರು ಇದನ್ನು ಗಮನಿಸಬೇಕು. ಆದರೆ ‘ಊ’ ಎಂದು ಉಚ್ಚರಿಸುವ ಪದದ ಮೇಲಿನ ಗುರುತು ಬಿಟ್ಟರೆ ‘ಎಲ್ಲಿ’ ಹೋಗಿ ‘ಅಥವಾ’ ಆಗುತ್ತದೆ. ‘ಪಾರ್ಲೇ’ ಎಂಬ ಕ್ರಿಯಾಪದದ ಎರಡು ರೂಪಗಳು ಕಿವಿಗೆ ಒಂದೇ, ಬರವಣಿಗೆಯಲ್ಲಿ ಬೇರೆ: ಒಂದು ‘ಮಾತಾಡುವುದು’, ಇನ್ನೊಂದು ‘ಮಾತಾಡಿದ’. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಅದು ವ್ಯಾಕರಣದ ತಪ್ಪು. ನುರಿತ ಮೌಲ್ಯಮಾಪಕರು ಇಂಥವನ್ನು ಒಂದೇ ರಾಶಿಗೆ ಹಾಕುವುದಿಲ್ಲ.

‘ಉದ್ದ ಬರದಷ್ಟು ಚಲೋ’

ಅಲ್ಲ. ಡೆಲ್ಫ್ ಎ1ರಲ್ಲಿ ಒಂದು ಅರ್ಜಿ ನಮೂನೆ ತುಂಬಿ, ಸುಮಾರು 40 ಪದಗಳ ಸಂದೇಶ ಬರೆದರೆ ಮುಗಿಯಿತು. ಬರವಣಿಗೆಯ 25 ಅಂಕದಲ್ಲಿ ಹೆಸರು, ರಾಷ್ಟ್ರೀಯತೆ, ವಿಳಾಸದಂಥ ವಿವರ ತುಂಬುವ ನಮೂನೆಗೇ 10 ಇದೆ. ಎ2ಕ್ಕೆ ಸುಮಾರು 60 ಪದಗಳ ಎರಡು ಬರಹ, ಬಿ1ಕ್ಕೆ 160, ಬಿ2ಗೆ 250. ಎರಡು ಖಾಲಿ ಜಾಗಗಳ ನಡುವೆ ಇರುವುದೆಲ್ಲ ಒಂದು ಪದ ಎಂಬುದು ಎಣಿಕೆಯ ನಿಯಮ. ಅಡ್ಡಗೆರೆಗಳಿಂದ ಕೂಡಿಸಿದ ಉದ್ದನೆಯ ಪದವೂ ಒಂದೇ.

ಉದ್ದಕ್ಕಿಂತ ದೊಡ್ಡ ರೋಗ ಬಾಯಿಪಾಠದ ಪತ್ರ. ‘ನಿನ್ನ ಊರಿನ ಬಗ್ಗೆ ಗೆಳತಿಗೆ ಬರೆ’ ಎಂದರೆ ಹುಬ್ಬಳ್ಳಿಯ ಮಗು ಗೈಡಿನಲ್ಲಿದ್ದಂತೆ ನದಿ, ಮ್ಯೂಸಿಯಂ, ಮೆಟ್ರೊ ಇರುವ ಊರನ್ನು ವರ್ಣಿಸುತ್ತದೆ. ಹುಬ್ಬಳ್ಳಿಯಲ್ಲಿ ನದಿಯೂ ಇಲ್ಲ, ಮೆಟ್ರೊವೂ ಇಲ್ಲ. ‘ಸಂಜೆ ದುರ್ಗದಬೈಲಿನಲ್ಲಿ ಬಹಳ ಜನ ಇರುತ್ತಾರೆ. ನಾನು ಅಮ್ಮನ ಜೊತೆ ಹೋಗುತ್ತೇನೆ. ನಾವು ಗಿರ್ಮಿಟ್ ತಿನ್ನುತ್ತೇವೆ. ಇದು ಚುರುಮುರಿ, ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿಯ ತಿಂಡಿ. ಖಾರ, ಆದರೆ ರುಚಿ’ ಎಂಬ ಐದಾರು ವಾಕ್ಯಗಳು ಎ1–ಎ2 ಮಟ್ಟದ ಫ್ರೆಂಚಿನೊಳಗೇ ಬರುತ್ತವೆ. ಚುರುಮುರಿಗೆ ಫ್ರೆಂಚ್ ಪದ ಗೊತ್ತಿಲ್ಲದೆ ‘ಹಗುರಾದ, ಉಬ್ಬಿದ ಅಕ್ಕಿ’ ಎಂದು ಬಳಸಿ ಹೇಳಿದ ಮಗುವಿಗೆ ನಾನಾದರೆ ಪೂರ್ತಿ ಅಂಕ ಕೊಟ್ಟೇನು. ಗೊತ್ತಿರುವ ಪದಗಳಿಂದ ಗೊತ್ತಿಲ್ಲದ್ದನ್ನು ಹೇಳುವ ಶಕ್ತಿಯೇ ಬರವಣಿಗೆಯ ಶಕ್ತಿ.

‘ಇಂಗ್ಲಿಷ್ ಚಲೋ ಇದ್ದವರಿಗಷ್ಟ ಫ್ರೆಂಚ್’

ಇಂಗ್ಲಿಷಿಗೂ ಫ್ರೆಂಚಿಗೂ ಸಾವಿರಾರು ಪದಗಳ ನಂಟಿದೆ, ಅದರಿಂದ ಓದಿಗೆ ನೆರವಾಗುತ್ತದೆ. ಅದೇ ನೆರವು ಮೋಸವನ್ನೂ ಮಾಡುತ್ತದೆ. ಫ್ರೆಂಚಿನ ‘ಲಿಬ್ರೆರಿ’ ಎಂದರೆ ಪುಸ್ತಕದ ಅಂಗಡಿ, ಗ್ರಂಥಾಲಯವಲ್ಲ. ‘ರೆಸ್ತೆ’ ಎಂದರೆ ಉಳಿಯುವುದು, ವಿಶ್ರಾಂತಿಯಲ್ಲ. ‘ಆಕ್ತ್ಯುಎಲ್ಮಾಂ’ ಎಂದರೆ ಸದ್ಯಕ್ಕೆ, ವಾಸ್ತವವಾಗಿ ಎಂದಲ್ಲ. ಗ್ರಹಿಕೆಯ ಪ್ರಶ್ನೆಗಳಲ್ಲಿ ಇಂಗ್ಲಿಷ್ ನಂಬಿ ಎಡವುವ ಜಾಗಗಳಿವು.

ಕನ್ನಡ ಮಾತಾಡುವ ಮಗುವಿನ ಕೈಯಲ್ಲಿ ಇರುವುದೇನು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಹೋದೆ, ಹೋದಿ, ಹೋದ, ಹೋದಳು ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದು ಅದಕ್ಕೆ ಹುಟ್ಟಿನಿಂದ ಗೊತ್ತು. ಫ್ರೆಂಚ್ ಕ್ರಿಯಾಪದಗಳೂ ಹಾಗೆ ಬದಲಾಗುತ್ತವೆ. ಗೆಳೆಯನಿಗೆ ನೀನು, ಮಾಸ್ತರಿಗೆ ನೀವು ಎಂಬ ಭೇದ ಫ್ರೆಂಚಿನಲ್ಲೂ ಇದೆ, ಬರವಣಿಗೆಯಲ್ಲಿ ಅದಕ್ಕೆ ಅಂಕವೂ ಇದೆ. ಪ್ರಾಂಶುಪಾಲರಿಗೆ ಬರೆಯುವ ಪತ್ರದಲ್ಲಿ ಏಕವಚನ ಬಳಸುವ ತಪ್ಪು ಇಂಗ್ಲಿಷಿನಲ್ಲಿ ಯೋಚಿಸುವವರಿಂದ ಆಗುತ್ತದೆ. ಕಷ್ಟವಿರುವುದು ಲಿಂಗದಲ್ಲಿ. ಕನ್ನಡದಲ್ಲಿ ವಸ್ತುಗಳೆಲ್ಲ ನಪುಂಸಕ. ಫ್ರೆಂಚಿನಲ್ಲಿ ಪುಸ್ತಕ ಪುಲ್ಲಿಂಗ, ಮೇಜು ಸ್ತ್ರೀಲಿಂಗ. ಇಲ್ಲೂ ಹುಬ್ಬಳ್ಳಿಯ ಮಕ್ಕಳಿಗೆ ಒಂದು ಅನುಕೂಲವಿದೆ. ಪೇಟೆಯಲ್ಲಿ, ಓಣಿಯಲ್ಲಿ ಉರ್ದು, ಮರಾಠಿ ಕೇಳುತ್ತ ಬೆಳೆದವರಿಗೆ ನಿರ್ಜೀವ ವಸ್ತುವಿಗೂ ಲಿಂಗವಿರುತ್ತದೆ ಎಂಬುದು ಹೊಸದಲ್ಲ. ಉರ್ದುವಿನ ಕಿತಾಬ್ ಸ್ತ್ರೀಲಿಂಗ, ಫ್ರೆಂಚ್ ಪುಸ್ತಕ ಪುಲ್ಲಿಂಗ ಎಂಬ ವ್ಯತ್ಯಾಸವನ್ನಷ್ಟೇ ನೆನಪಿಡಬೇಕು.

‘ಡೆಲ್ಫ್ ಆದ್ರ ಕೆನಡಾ ಗ್ಯಾರಂಟಿ’

ಕೆನಡಾದ ಫೆಡರಲ್ ವಲಸೆ ಯೋಜನೆಯಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಫ್ರೆಂಚ್ ಜ್ಞಾನದ ಸಾಕ್ಷಿಯಾಗಿ ಒಪ್ಪುವುದು ಟೆಫ್ ಕೆನಡಾ, ಟಿಸಿಎಫ್ ಕೆನಡಾ ಎಂಬ ಬೇರೆ ಪರೀಕ್ಷೆಗಳನ್ನು. ಅವುಗಳ ಫಲಿತಾಂಶ ಎರಡು ವರ್ಷ ಮಾತ್ರ ಸಲ್ಲುತ್ತದೆ. ಡೆಲ್ಫ್ ಪ್ರಮಾಣಪತ್ರಕ್ಕೆ ಅವಧಿಯಿಲ್ಲ, ಜೀವನಪೂರ್ತಿ ಸಲ್ಲುತ್ತದೆ, ಆದರೆ ಈ ಕೆಲಸಕ್ಕೆ ಬರುವುದಿಲ್ಲ. ಹಾಗೆಯೇ ಎ1 ಪಾಸಾಗದೆ ಎ2 ಬರೆಯುವಂತಿಲ್ಲ ಎಂಬುದೂ ಸುಳ್ಳು. ಸಿದ್ಧತೆಯಿದ್ದವರು ನೇರವಾಗಿ ಬಿ1ಕ್ಕೇ ಕೂರಬಹುದು. ಹಂತ ಹಂತಕ್ಕೂ ಶುಲ್ಕ ಕಟ್ಟಿ ಬೆಂಗಳೂರಿಗೆ ಹೋಗಿ ಬರಬೇಕೆಂಬ ಕಡ್ಡಾಯವಿಲ್ಲ.

ನಿರೀಕ್ಷೆಯೂ ಅಳತೆಯಲ್ಲಿರಲಿ. ಮೊದಲಿನಿಂದ ಎಣಿಸಿದರೆ ಎ1ಕ್ಕೆ ಸುಮಾರು 100 ಗಂಟೆ, ಎ2ಕ್ಕೆ 200, ಬಿ1ಕ್ಕೆ 400 ಗಂಟೆಗಳ ಕಲಿಕೆ ಬೇಕೆಂಬುದು ರೂಢಿಯ ಅಂದಾಜು. ವಾರಕ್ಕೆ 40 ನಿಮಿಷದ ಮೂರು ಪೀರಿಯಡ್ ಎಂದರೆ ಎರಡು ಗಂಟೆ, ವರ್ಷಕ್ಕೆ 35 ವಾರ ಎಂದರೆ 70 ಗಂಟೆ. ಆರನೇ ತರಗತಿಯಿಂದ ಕಲಿತರೂ ಹತ್ತರ ಕೊನೆಗೆ 350. ಅಂಥ ಮಗು ಎ2 ದಾಟಿ ಬಿ1ರ ಹೊಸ್ತಿಲಲ್ಲಿದ್ದರೆ ಅದು ಒಳ್ಳೆಯ ಕಲಿಕೆ. ಪಿಯುನಲ್ಲಿ ಹೊಸದಾಗಿ ಶುರುಮಾಡಿದವರು ಎರಡು ವರ್ಷಕ್ಕೆ ನಿರರ್ಗಳವಾಗಿ ಮಾತಾಡಲಿ ಎನ್ನುವುದು ಅವರಿಗೆ ಮಾಡುವ ಅನ್ಯಾಯ.

ಪೋಷಕರಿಗೆ ಫ್ರೆಂಚ್ ಬಾರದಿದ್ದರೂ ಒಂದು ಕೆಲಸ ಮಾಡಬಹುದು. ಮುಂದಿನ ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆ ಉತ್ತರಪತ್ರಿಕೆಯನ್ನೂ ಕೇಳಿ ನೋಡಿ. ‘ಇದರಲ್ಲಿ ಅಪಠಿತ ಗದ್ಯ ಯಾವುದು? ಪುಸ್ತಕದಲ್ಲಿ ಇಲ್ಲದ, ಮಗು ತಾನಾಗಿ ಬರೆದ ವಾಕ್ಯಗಳು ಯಾವುವು?’ ಎಂದು ಶಿಕ್ಷಕರನ್ನು ವಿಚಾರಿಸಿ. ಎರಡನ್ನೂ ತೋರಿಸುವ ಶಾಲೆಯಲ್ಲಿ ನಿಮ್ಮ ಮಗು ಫ್ರೆಂಚ್ ಕಲಿಯುತ್ತಿದೆ. ತೋರಿಸಲಾಗದಿದ್ದರೆ ಮುಂದಿನ ಕಿರುಪರೀಕ್ಷೆಯಲ್ಲಾದರೂ ಅಂಥದೊಂದು ಪ್ರಶ್ನೆ ಇಡಿ ಎಂದು ಕೇಳಿಕೊಳ್ಳಿ.