ವೈ-ಫೈ ಪೆಟ್ಟಿಗೆಗೂ ಬೇಕು ಆರೈಕೆ: ಫರ್ಮ್‌ವೇರ್ ಅಳವಡಿಕೆಯ ಎಚ್ಚರಗಳು

ನಿಪ್ಪಾಣಿಯ ವಖಾರಿಯಿಂದ ಕೊಲ್ಹಾಪುರಕ್ಕೆ, ಕಾಗವಾಡದಿಂದ ಮಿರಜಕ್ಕೆ ಹೊರಡುವ ಸರಕು ಸ್ವಲ್ಪ ದೂರದಲ್ಲಿಯೇ ರಾಜ್ಯದ ಗಡಿಯನ್ನು ದಾಟುತ್ತದೆ. ಸರಕಿನ ಮೌಲ್ಯ 50,000 ರೂಪಾಯಿಗಳನ್ನು ಮೀರಿದ್ದರೆ ಇಂತಹ ಅಂತರರಾಜ್ಯ ಸಾಗಾಣಿಕೆಗೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯವಾಗಿದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಇತರ ವರ್ತಕರಿಗೆ ನೀಡುವ ಬೀಜಕಗಳನ್ನು 2023ರ ಆಗಸ್ಟ್ 1ರಿಂದ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಬೇಕಾಗಿದೆ. ಆದುದರಿಂದ ಗೋಡೆಯ ಮೇಲೆ ಧೂಳು ಹಿಡಿದು ಕುಳಿತಿರುವ ವೈ-ಫೈ ಆ್ಯಕ್ಸೆಸ್ ಪಾಯಿಂಟ್ ಕೈಕೊಟ್ಟರೆ, ತುಂಬಿದ ಲಾರಿ ಬಾಗಿಲಿನಲ್ಲಿಯೇ ನಿಲ್ಲುವ ಪ್ರಸಂಗ ಒದಗಬಹುದು. ಮೊಬೈಲ್‌ನಿಂದ ಹೇಗೋ ಬಿಲ್ ತೆಗೆಯಬಹುದು, ನಿಜ. ಆದರೆ ಲೆಕ್ಕಪತ್ರದ ಗಣಕಯಂತ್ರ, ಪ್ರಿಂಟರ್, ಗೋದಾಮಿನ ಕ್ಯಾಮೆರಾಗಳು ಅದೇ ಪೆಟ್ಟಿಗೆಯನ್ನು ನಂಬಿಕೊಂಡಿರುತ್ತವೆ.

ಈ ಪೆಟ್ಟಿಗೆಯೂ ಒಂದು ಪುಟ್ಟ ಗಣಕಯಂತ್ರವೇ. ಅದನ್ನು ನಡೆಸುವ ತಂತ್ರಾಂಶ ಒಳಗಿನ ಫ್ಲ್ಯಾಶ್ ಚಿಪ್ಪಿನಲ್ಲಿ ಬರೆಯಲ್ಪಟ್ಟಿರುತ್ತದೆ. ಅದಕ್ಕೆ ಫರ್ಮ್‌ವೇರ್ ಎಂದು ಹೆಸರು. ದೋಷ ಕಂಡುಬಂದಂತೆಲ್ಲ ತಯಾರಕರು ತಿದ್ದಿದ ಆವೃತ್ತಿಯನ್ನು ಹೊರತರುತ್ತಾರೆ. 2017ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೂಫ್ ಅವರು ವೈ-ಫೈ ರಕ್ಷಣೆಯ ಡಬ್ಲ್ಯುಪಿಎ2 ಪದ್ಧತಿಯಲ್ಲಿಯೇ ಲೋಪವಿದೆಯೆಂದು ತೋರಿಸಿದಾಗ, ಜಗತ್ತಿನಾದ್ಯಂತ ತಯಾರಕರು ಹೀಗೆ ತಿದ್ದುಪಡಿ ನೀಡಬೇಕಾಯಿತು.

ಅದೇ ವರ್ಷದ ಜುಲೈನಲ್ಲಿ ನಡೆದ ಘಟನೆ ನಮಗೆ ಇನ್ನೂ ಹತ್ತಿರದ್ದು. ಕರ್ನಾಟಕವೂ ಸೇರಿದಂತೆ ದೇಶದ ಕೆಲವೆಡೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ದುಷ್ಟ ತಂತ್ರಾಂಶವೊಂದರ ದಾಳಿಗೆ ಸಿಲುಕಿ ನಿಷ್ಕ್ರಿಯಗೊಂಡವು. ಕಾರ್ಖಾನೆಯಲ್ಲಿ ಇಟ್ಟಿದ್ದ 'ಅಡ್ಮಿನ್' ಎಂಬ ಪಾಸ್‌ವರ್ಡ್ ಹಾಗೆಯೇ ಉಳಿದಿದ್ದ ಮೋಡೆಮ್‌ಗಳು ಬಲಿಯಾದವು. ಅದನ್ನು ಬದಲಿಸುವಂತೆ ಸಂಸ್ಥೆಯು ಗ್ರಾಹಕರನ್ನು ಕೋರಿತು. ಅಂಗಡಿಗೆ ಐದು ಬೀಗ ಹಾಕುವ ವರ್ತಕರು ಈ ಒಂದು ಬೀಗವನ್ನು ಮರೆಯುವುದು ಸೋಜಿಗವೇ ಸರಿ.

ಹೊಸ ಫರ್ಮ್‌ವೇರ್ ಹಾಕುವುದು ಕಷ್ಟದ ಕೆಲಸವಲ್ಲ, ಆದರೆ ಅವಸರದ ಕೆಲಸವೂ ಅಲ್ಲ. ಮೊದಲು ಪೆಟ್ಟಿಗೆಯನ್ನು ತಿರುವಿ, ತಳದ ಚೀಟಿಯಲ್ಲಿರುವ ಮಾದರಿಯ ಹೆಸರನ್ನೂ ಯಂತ್ರಾಂಶದ ಆವೃತ್ತಿಯನ್ನೂ ಬರೆದುಕೊಳ್ಳಬೇಕು. ಹೆಸರು ಒಂದೇ ಆದರೂ ಒಳಗಿನ ಸಾಮಗ್ರಿ ಬೇರೆಯಾಗಿರುವುದುಂಟು. 2002ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ 4ನೇ ಆವೃತ್ತಿಯಲ್ಲಿ 4 ಎಂಬಿ ಫ್ಲ್ಯಾಶ್ ಇದ್ದರೆ, 2005ರ 5ನೇ ಆವೃತ್ತಿಯಲ್ಲಿ ಕೇವಲ 2 ಎಂಬಿ ಇತ್ತು. ಒಳಗಿನ ಕಾರ್ಯಾಚರಣ ವ್ಯವಸ್ಥೆಯೂ ಲಿನಕ್ಸ್‌ನಿಂದ ಬೇರೊಂದಕ್ಕೆ ಬದಲಾಗಿತ್ತು. ಒಂದರ ಫರ್ಮ್‌ವೇರ್ ಇನ್ನೊಂದಕ್ಕೆ ಸಲ್ಲದು. ಕಡತವನ್ನು ತಯಾರಕರ ಜಾಲತಾಣದಿಂದಲೇ ಪಡೆಯಬೇಕು. ಫೈಬರ್ ಸಂಪರ್ಕ ನೀಡುವ ಸಂಸ್ಥೆಯೇ ಕೊಟ್ಟ ಪೆಟ್ಟಿಗೆಯಾಗಿದ್ದರೆ, ಆ ಕೆಲಸವನ್ನು ಅವರಿಗೇ ಬಿಡುವುದು ಲೇಸು.

ಎರಡನೆಯದು ವಿದ್ಯುತ್ತಿನ ವಿಚಾರ. ಚಿಪ್ಪಿನಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಲು ಕೆಲವು ನಿಮಿಷಗಳು ಬೇಕು. ಆ ನಡುವೆ ಕರೆಂಟ್ ಹೋದರೆ ಪೆಟ್ಟಿಗೆ ಹಳೆಯದಕ್ಕೂ ಇಲ್ಲ, ಹೊಸದಕ್ಕೂ ಇಲ್ಲ ಎಂಬಂತಾಗಿ ಬರೀ ಇಟ್ಟಿಗೆಯಾಗುತ್ತದೆ. ಮಳೆಗಾಲದ ಗಾಳಿಗೆ ಯಾವ ಗಳಿಗೆಯಲ್ಲಾದರೂ ಕರೆಂಟ್ ಹೋಗುವುದನ್ನು ಬಲ್ಲ ರಾಯಬಾಗ, ಚಿಕ್ಕೋಡಿಯ ವ್ಯಾಪಾರಸ್ಥರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೆಟ್ಟಿಗೆಯನ್ನೂ ಗಣಕಯಂತ್ರವನ್ನೂ ಯುಪಿಎಸ್‌ಗೆ ಜೋಡಿಸಿ, ವ್ಯವಹಾರ ಮುಗಿದ ಮೇಲೆಯೇ ಈ ಕೆಲಸಕ್ಕೆ ಕೈಹಾಕಬೇಕು. ವೈ-ಫೈ ಮೂಲಕ ಮಾಡದೆ ಕೇಬಲ್ ಮೂಲಕವೇ ಮಾಡಬೇಕು. ದೀಪಗಳು ಮಿನುಗಿ ಪೆಟ್ಟಿಗೆ ತಾನಾಗಿ ಮರುಚಾಲನೆಗೊಳ್ಳುವವರೆಗೆ ಏನನ್ನೂ ಮುಟ್ಟಬಾರದು. ಕೆಟ್ಟರೂ ಕೆಲವು ಮಾದರಿಗಳನ್ನು ಕೇಬಲ್ ಜೋಡಿಸಿ ಮತ್ತೆ ಎಬ್ಬಿಸಬಹುದು; ಎಲ್ಲವನ್ನೂ ಅಲ್ಲ.

ತಯಾರಕರು ಕೈಬಿಟ್ಟ ಹಳೆಯ ಪೆಟ್ಟಿಗೆಗಳಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಫರ್ಮ್‌ವೇರ್ ಉಂಟು. ಆದರೆ 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಮಾತ್ರವಿರುವ ಅಗ್ಗದ ಮಾದರಿಗಳಿಗೆ ಅದರ 19.07ರ ನಂತರದ ಆವೃತ್ತಿಗಳು ಹೊಂದುವುದಿಲ್ಲ. ಅಂಗಡಿಯಲ್ಲಿರುವುದು ಒಂದೇ ಪೆಟ್ಟಿಗೆಯಾದರೆ ಈ ಪ್ರಯೋಗ ಬೇಡ. ಹೊಸದನ್ನು ಕೊಳ್ಳುವುದೇ ಲಾಭಕರ.

ಅಥಣಿಯಲ್ಲಿ ಚಪ್ಪಲಿ ತಯಾರಿಸಿ ದೂರದ ಊರುಗಳಿಗೆ ಕಳುಹಿಸುವ ಸಣ್ಣ ಉದ್ಯಮಿಗೂ ಇದಕ್ಕೆ ತಗಲುವುದು ಒಂದು ಸಂಜೆಯ ಹೊತ್ತು. ಕೆಲಸ ಆರಂಭಿಸುವ ಮುನ್ನ ಸಂಪರ್ಕದ ಬಳಕೆದಾರ ಹೆಸರು, ಪಾಸ್‌ವರ್ಡ್ ಮುಂತಾದ ಹೊಂದಿಕೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಹೊಸ ಫರ್ಮ್‌ವೇರ್ ಕೆಲವೊಮ್ಮೆ ಅವನ್ನೆಲ್ಲ ಅಳಿಸಿ ಪಾಸ್‌ವರ್ಡನ್ನು ಮತ್ತೆ ಕಾರ್ಖಾನೆಯ ಸ್ಥಿತಿಗೇ ತಂದಿಡುತ್ತದೆ.