ಬೆನ್ನ ಹಿಂದೊಂದು ಮನೆ

ಕೃಷ್ಣೆಯ ದಂಡೆಯ ಯಡೂರಿಗೆ, ವೀರಭದ್ರೇಶ್ವರನ ಜಾತ್ರೆಗೆಂದು, ಸವಾರಿ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದ ದಿನಗಳ ನೆನಪು ಈ ಸೀಮೆಯ ಹಿರಿಯರಲ್ಲಿ ಇನ್ನೂ ಉಳಿದಿದೆ. ಮೇಲೆ ಕೊಲ್ಲಾರಿ, ಕೆಳಗೆ ಹುಲ್ಲಿನ ಮೆತ್ತೆ, ಒಂದು ಮೂಲೆಯಲ್ಲಿ ರೊಟ್ಟಿಯ ಬುತ್ತಿ, ಇನ್ನೊಂದರಲ್ಲಿ ಮಲಗಿದ ಕೂಸು. ಹೀಗೆ ಮನೆಯೇ ಎತ್ತುಗಳ ಹಿಂದೆ ನಡೆದು ಬರುತ್ತಿತ್ತು. ಈಗ ಅಂಥ ಮನೆ ಮೋಟಾರಿನ ಹಿಂದೆ ಹೊರಡುವುದುಂಟು. ಮಲಗುವ ಮಂಚ, ಒಲೆ, ನೀರಿನ ತೊಟ್ಟಿಗಳನ್ನು ಒಳಗೊಂಡು, ಕಾರಿನ ಹಿಂಬದಿಗೆ ಕೊಂಡಿ ಹಾಕಿ ಎಳೆಯುವ ಈ ಬಂಡಿಗೆ ಕ್ಯಾಂಪರ್ ಟ್ರೇಲರ್ ಎನ್ನುತ್ತಾರೆ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಇದು ಸಾಮಾನ್ಯ, ನಮ್ಮಲ್ಲಿ ಅಪರೂಪ. ಇಂಥದೊಂದನ್ನು ಕಟ್ಟಿಕೊಂಡು ಯಡೂರಿನಿಂದ ಬಂಡೀಪುರದ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದಾದರೆ ಏನೇನು ತಿಳಿದಿರಬೇಕು? ಚಕ್ಕಡಿ ಹೊಡೆದವರಿಗೆ ಇದರಲ್ಲಿ ಅರ್ಧ ಗೊತ್ತೇ ಇದೆ. ಉಳಿದರ್ಧವನ್ನು ಹೊಸದಾಗಿ ಕಲಿಯಬೇಕು.

ಗೊತ್ತಿರುವುದು ಭಾರದ ಲೆಕ್ಕ. ಚಕ್ಕಡಿಯಲ್ಲಿ ಹೇರು ಅಚ್ಚಿನ ಹಿಂದಕ್ಕೆ ಸರಿದರೆ ನೊಗ ಮೇಲೇಳುತ್ತದೆ. ಅತಿಯಾಗಿ ಮುಂದಕ್ಕೆ ಬಂದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಟ್ರೇಲರಿನದೂ ಇದೇ ನ್ಯಾಯ. ಒಟ್ಟು ಭಾರದ ಹತ್ತನೆಯ ಒಂದು ಪಾಲು, ಅಥವಾ ಅದಕ್ಕಿಂತ ತುಸು ಹೆಚ್ಚು, ಕಾರಿನ ಕೊಂಡಿಯ ಮೇಲೆ ಕೂಡಬೇಕೆಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ನಿಯಮ. 800 ಕಿಲೋ ಬಂಡಿಯಾದರೆ 80 ಕಿಲೋ. ಆದರೆ ಆ ಕಾರಿಗೂ ಕೊಂಡಿಗೂ ಅಷ್ಟು ತಾಳಿಕೆ ಉಂಟೇ ಎಂಬುದನ್ನು ಮೊದಲು ನೋಡಿಕೊಳ್ಳತಕ್ಕದ್ದು. ನೀರು ಲೀಟರಿಗೆ ಒಂದು ಕಿಲೋ ತೂಗುತ್ತದೆ. 60 ಲೀಟರಿನ ತೊಟ್ಟಿ ಎಂದರೆ ಒಬ್ಬ ಆಳು ಹತ್ತಿ ಕುಳಿತಂತೆ. ಭಾರವಾದ ಸಾಮಾನು ಕೆಳಗೆ, ಅಚ್ಚಿನ ಹತ್ತಿರ, ತುಸು ಮುಂದಕ್ಕೆ ಇರಲಿ.

ಈ ಲೆಕ್ಕ ತಪ್ಪಿದರೆ ಚಕ್ಕಡಿಯಲ್ಲಿ ನೊಗ ಎದ್ದು ಎಚ್ಚರಿಸುತ್ತಿತ್ತು. ಮೋಟಾರಿನಲ್ಲಿ ಹಾಗಲ್ಲ. ನಿಧಾನವಾಗಿ ಹೋಗುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ವೇಗ ಏರಿದಾಗ, ಪಕ್ಕದಲ್ಲೊಂದು ಲಾರಿ ಹಾದುಹೋದಾಗ, ಹಿಂದಿನ ಬಂಡಿ ಬಾಲ ಆಡಿಸತೊಡಗುತ್ತದೆ. ಕೊನೆಗೆ ಕಾರನ್ನೂ ಎಳೆದು ತಿರುಗಿಸೀತು. ಆಗ ಗಾಬರಿಯಿಂದ ಬ್ರೇಕನ್ನು ಜೋರಾಗಿ ಒತ್ತಬಾರದು, ಸ್ಟೀರಿಂಗನ್ನು ಅತ್ತಿತ್ತ ತಿರುವಲೂ ಬಾರದು. ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆಯಬೇಕು. ವೇಗ ಇಳಿದಂತೆ ಬಂಡಿ ತಾನೇ ಸಮಾಧಾನಕ್ಕೆ ಬರುತ್ತದೆ. ಮುಂದೆ ನಿಂತು, ಸಾಮಾನನ್ನು ಮತ್ತೆ ಜೋಡಿಸಿಯೇ ಹೊರಡಬೇಕು.

ವೇಗದ ಮಾತು ಬಂದುದರಿಂದ ಇನ್ನೊಂದು ಸಂಗತಿ. ವೇಗ ಎರಡರಷ್ಟಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಹಿಂದಿನ ಭಾರವೂ ಅದಕ್ಕೆ ಸೇರುತ್ತದೆ. ಆದುದರಿಂದ ಭಾರವಾದ ಟ್ರೇಲರಿಗೆ ಅದರದೇ ಬ್ರೇಕು ಇರಬೇಕು. ಕೊಂಡಿಯ ಜೊತೆಗೆ ಸರಪಳಿಯೂ ಇರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಇದು: ಚಕ್ಕಡಿಯಲ್ಲಿ ಅಜ್ಜಿಯೂ ಕೂಸೂ ಒಳಗೆ ನಿದ್ದೆ ಹೋಗುತ್ತಿದ್ದರು. ಓಡುವ ಟ್ರೇಲರಿನೊಳಗೆ ಯಾರನ್ನೂ ಕೂರಿಸಬಾರದು, ಮಲಗಿಸಲೂಬಾರದು. ಮಂಚ ಮೆತ್ತಗಿದೆ, ಮಗು ಹಟ ಮಾಡುತ್ತಿದೆ ಎಂದು ಮನ ಕರಗಬಾರದು. ಎತ್ತಿನ ನಡಿಗೆಗೆ ಸಲ್ಲುತ್ತಿದ್ದುದು ಮೋಟಾರಿನ ಓಟಕ್ಕೆ ಸಲ್ಲದು. ಟ್ರೇಲರ್ ಎಂಬುದು 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಬೇರೆಯೇ ವಾಹನ. ಅದಕ್ಕೆ ಪ್ರತ್ಯೇಕ ನೋಂದಣಿಯೂ ಬೇಕು.

ಇನ್ನು ದಾರಿ. ಮಳೆಗಾಲದ ನೆರೆಯಲ್ಲಿ ಕಲ್ಲೋಳ–ಯಡೂರು ಸೇತುವೆ ಮುಳುಗುವುದನ್ನು ಇಲ್ಲಿಯವರು ಬಲ್ಲರು. ಪ್ರಯಾಣ ಬೇರೆ ಕಾಲದಲ್ಲಾಗಲಿ. ಚಿಕ್ಕೋಡಿ ದಾಟಿ, ಸಂಕೇಶ್ವರದ ಬಳಿ ಹೆದ್ದಾರಿ ಹಿಡಿದರೆ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರುಗಳ ಮೇಲೆ ಸಾಗಿ, ಕುಣಿಗಲ್ಲಿನ ದಾರಿಯಾಗಿ ಮೈಸೂರು. ಅಲ್ಲಿಂದ ನಂಜನಗೂಡು, ಗುಂಡ್ಲುಪೇಟೆ. ಒಟ್ಟು 700 ಕಿಲೋಮೀಟರಿಗೂ ಮಿಕ್ಕು. ಇದನ್ನು ಒಂದೇ ದಿನದಲ್ಲಿ ಮುಗಿಸುವ ಹುಮ್ಮಸ್ಸು ಬೇಡ. ಮೊದಲ ರಾತ್ರಿ ದಾವಣಗೆರೆ, ಎರಡನೆಯದು ಮೈಸೂರು, ಮೂರನೆಯ ದಿನ ಬೆಳಗ್ಗೆ ಕಾಡಿನ ಅಂಚು. ಹೀಗಿಟ್ಟುಕೊಂಡರೆ ಮಕ್ಕಳಿಗೂ ದಣಿವಾಗದು.

ಬೆಳಗ್ಗೆ ಎಂದುದಕ್ಕೆ ಕಾರಣವುಂಟು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಕಾಡನ್ನು ಸೀಳಿ ಕೇರಳಕ್ಕೂ ತಮಿಳುನಾಡಿಗೂ ಹೆದ್ದಾರಿಗಳು ಹೋಗುತ್ತವೆ. ರಾತ್ರಿ ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ, 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಈ ದಾರಿಗಳಲ್ಲಿ ಸಂಚಾರವನ್ನು ನಿಷೇಧಿಸಲಾಯಿತು. ಹಗಲಿನಲ್ಲಿ ಹೋಗುವವರೂ ನಡುದಾರಿಯಲ್ಲಿ ನಿಲ್ಲಬಾರದು, ಕೋತಿ ಜಿಂಕೆಗಳಿಗೆ ತಿನಿಸು ಹಾಕಬಾರದು. ಆನೆ ಎದುರಾದರೆ ಬರಿಯ ಕಾರು ಹಿಂದೆ ಸರಿದೀತು; ಟ್ರೇಲರ್ ಕಟ್ಟಿದ ಕಾರು ಅಷ್ಟು ಸುಲಭವಾಗಿ ಸರಿಯದು, ಏಕೆಂದರೆ ಹಿಮ್ಮುಖವಾಗಿ ಸಾಗುವಾಗ ಸ್ಟೀರಿಂಗನ್ನು ತಿರುಗಿಸಿದ ದಿಕ್ಕಿಗೆ ವಿರುದ್ಧವಾಗಿ ಟ್ರೇಲರ್ ತಿರುಗುತ್ತದೆ.

ಆದುದರಿಂದ ಟ್ರೇಲರನ್ನು ಗುಂಡ್ಲುಪೇಟೆಯ ಆಸುಪಾಸಿನಲ್ಲಿ, ಮೊದಲೇ ಒಪ್ಪಿಗೆ ಪಡೆದ ವಸತಿಗೃಹದ ಅಂಗಳದಲ್ಲಿ, ಬಿಟ್ಟು ಹೋಗುವುದು ಲೇಸು. ಕಾಡಿನೊಳಗಿನ ಸಫಾರಿಗೆ ಸ್ವಂತ ವಾಹನ ಒಯ್ಯುವಂತಿಲ್ಲ. ಅದಕ್ಕೆಂದೇ ಗೊತ್ತುಮಾಡಿದ ವಾಹನಗಳಿವೆ. ಜಾತ್ರೆಗೆ ಬಂದವರೂ ಚಕ್ಕಡಿಯನ್ನು ಹೊರಗೆ ಬಿಟ್ಟು, ಎತ್ತಿಗೆ ಮೇವು ಹಾಕಿ, ಕಾಲು ತೊಳೆದುಕೊಂಡೇ ಗುಡಿಯ ಹೊಸ್ತಿಲು ದಾಟುತ್ತಿದ್ದರಷ್ಟೆ.