ಹೊಸ್ತಿಲವರೆಗಿನ ಅನುಮತಿ: ಬ್ರಿಟನ್ನಿನಿಂದ ಅಮೆರಿಕೆಗೆ ಪ್ರವಾಸ ಹೊರಡುವವರ ಗಮನಕ್ಕೆ

2023ನೆಯ ಇಸವಿಯ ಬೇಸಿಗೆಯಲ್ಲಿ ನಾವು ಲಂಡನ್ನಿನ ಹೊರವಲಯದಲ್ಲಿ ನೆಲೆಸಿರುವ, ಮೂಲತಃ ಧಾರವಾಡ ಸೀಮೆಯವರಾದ ಸದ್ಭಕ್ತರೊಬ್ಬರ ಮನೆಯಲ್ಲಿ ಹತ್ತು ದಿನ ಅತಿಥಿಗಳಾಗಿದ್ದೆವು. ಆ ಮನೆಯಲ್ಲಿ ಆಗ ಸಡಗರವೋ ಸಡಗರ. ಅಮೆರಿಕೆಯ ನ್ಯೂಜೆರ್ಸಿಯಲ್ಲಿ ಮನೆಯ ಹಿರಿಯಮ್ಮನವರ ಮಗಳ ಮಗಳಿಗೆ ಮದುವೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಹಿರಿಯಮ್ಮನವರು, ಹೀಗೆ ಐವರ ಪ್ರಯಾಣ. ಮದುವೆಯ ಬಳಿಕ ನಯಾಗರ ಜಲಪಾತವನ್ನು ಕಂಡು ಮರಳುವ ಯೋಜನೆ. ಅವರು ಹೊರಡುವ ದಿನವೇ ನಾವೂ ಬೆಂಗಳೂರಿಗೆ ಹಿಂದಿರುಗುವವರಿದ್ದುದರಿಂದ ಎಲ್ಲರೂ ಕೂಡಿಯೇ ಹೀಥ್ರೋ ವಿಮಾನ ನಿಲ್ದಾಣಕ್ಕೆ ಬಂದೆವು.

ಕೌಂಟರಿನಲ್ಲಿ ಕುಳಿತಿದ್ದ ಹೆಣ್ಣುಮಗಳು ನಾಲ್ಕು ಪಾಸ್‌ಪೋರ್ಟುಗಳನ್ನು ನೋಡಿ ತಲೆದೂಗಿದಳು. ಐದನೆಯದನ್ನು ತಿರುವಿ ಹಾಕಿ, "ಇವರ ಅಮೆರಿಕೆಯ ವೀಸಾ ಎಲ್ಲಿ?" ಎಂದು ಕೇಳಿದಳು. ಅದು ಹಿರಿಯಮ್ಮನವರ ಭಾರತೀಯ ಪಾಸ್‌ಪೋರ್ಟು. ಉಳಿದವರೆಲ್ಲ ಬ್ರಿಟನ್ನಿನ ಪೌರತ್ವ ಪಡೆದಿದ್ದರೂ, ಆ ತಾಯಿ ಮಾತ್ರ ತವರಿನ ಗುರುತನ್ನು ಬಿಡಲಾರೆನೆಂದು ಕಾಯಂ ವಾಸದ ಅನುಮತಿಯಲ್ಲಿಯೇ ಇಪ್ಪತ್ತು ವರ್ಷ ಕಳೆದಿದ್ದರು. ಟಿಕೆಟ್ಟು ಮಾಡಿಸಿಕೊಟ್ಟಿದ್ದ ದಲ್ಲಾಳಿ, ಬ್ರಿಟನ್ನಿನಲ್ಲಿ ಕಾಯಂ ಇರುವವರಿಗೆಲ್ಲ ಒಂದೇ ನಿಯಮ, ಅಮ್ಮನವರದು ನಿಲ್ದಾಣದಲ್ಲಿಯೇ ಆಗುತ್ತದೆ ಎಂದು ಹೇಳಿದ್ದನಂತೆ. ಆಗುವ ಮಾತಲ್ಲ ಅದು. ಮಗ ತಾನೂ ಹೋಗುವುದಿಲ್ಲವೆಂದು ಹಟ ಹಿಡಿದ. ಹಿರಿಯಮ್ಮನವರು ಕಣ್ಣೊರೆಸಿಕೊಂಡು, ಸೆರಗಿನಿಂದ ಅಕ್ಷತೆಯ ಗಂಟನ್ನು ಬಿಚ್ಚಿ ಸೊಸೆಯ ಕೈಗಿತ್ತು, "ನೀವು ಹೋಗಿ ಬರ್ರಿ. ಇವನ್ನ ನನ್ನ ಹೆಸರಿಲೆ ಕೂಸಿನ ಮ್ಯಾಲ ಹಾಕ್ರಿ" ಎಂದರು. ಅವರನ್ನು ಮನೆಗೆ ಕರೆದೊಯ್ಯಲು ಪರಿಚಯಸ್ಥರ ಕಾರು ಬರುವವರೆಗೆ ನಾವು ಆ ತಾಯಿಯ ಪಕ್ಕದಲ್ಲಿ ಕುಳಿತಿದ್ದೆವು. ಈ ಲೇಖನವನ್ನು ಬರೆಯಬೇಕೆಂಬ ಸಂಕಲ್ಪ ಅಲ್ಲಿಯೇ ಹುಟ್ಟಿತು. ಆ ಬಳಿಕ ನಿಯಮಗಳನ್ನು ಸಾವಧಾನವಾಗಿ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಬ್ರಿಟಿಷ್ ಪ್ರವಾಸಿಗಳಿಗೆ ವೀಸಾ ಇಲ್ಲದೆ ಅಮೆರಿಕೆಯನ್ನು ಪ್ರವೇಶಿಸುವ ಸೌಲಭ್ಯವು ಬಹು ಹಳೆಯದೇನಲ್ಲ. ಅಮೆರಿಕೆಯ ಸಂಸತ್ತು 1986ರಲ್ಲಿ ಮಾಡಿದ ಕಾನೂನಿನಿಂದ ಪ್ರಾಯೋಗಿಕವಾಗಿ ಆರಂಭವಾದ ಈ ವ್ಯವಸ್ಥೆಗೆ 1988ರ ಜುಲೈಯಲ್ಲಿ ಮೊತ್ತಮೊದಲು ಸೇರಿದ ದೇಶವೇ ಬ್ರಿಟನ್. ಅದೇ ವರ್ಷದ ಡಿಸೆಂಬರಿನಲ್ಲಿ ಜಪಾನ್ ಸೇರಿತು. 2000ದಲ್ಲಿ ಅದು ಕಾಯಂ ಕಾನೂನಾಯಿತು. ಅದಕ್ಕೆ ಮೊದಲು ಲಂಡನ್ನಿನ ಗ್ರೋವ್‌ನರ್ ಚೌಕದಲ್ಲಿದ್ದ ರಾಯಭಾರ ಕಚೇರಿಗೆ ಎಡತಾಕಿ ವೀಸಾ ಪಡೆಯದೆ ಯಾವ ಆಂಗ್ಲನೂ ಸುಮ್ಮನೆ ರಜೆಗೆಂದು ಅಮೆರಿಕೆಗೆ ಹೋಗುವಂತಿರಲಿಲ್ಲ.

ವೀಸಾ ಬೇಡವಾದರೂ ಪರೀಕ್ಷೆ ಬೇಕಲ್ಲವೆ? 2004ರ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ವಾಷಿಂಗ್ಟನ್ನಿಗೆ ಹೊರಟಿದ್ದ ವಿಮಾನವೊಂದನ್ನು ನಡುದಾರಿಯಲ್ಲಿ ತಿರುಗಿಸಿ ಮೇನ್ ಪ್ರಾಂತದ ಬ್ಯಾಂಗರ್ ಎಂಬಲ್ಲಿ ಇಳಿಸಲಾಯಿತು. ಹಿಂದೆ ಕ್ಯಾಟ್ ಸ್ಟೀವನ್ಸ್ ಎಂದು ಲೋಕಪ್ರಸಿದ್ಧರಾಗಿದ್ದ ಗಾಯಕ ಯೂಸುಫ್ ಇಸ್ಲಾಂ ಅದರಲ್ಲಿದ್ದರು. ಅವರ ಹೆಸರು ತಡೆಪಟ್ಟಿಯಲ್ಲಿದೆಯೆಂಬುದು ವಿಮಾನ ಹಾರಿದ ಮೇಲೆ ತಿಳಿಯಿತು. ಒಬ್ಬರಿಗಾಗಿ ನೂರಾರು ಜನರ ಪ್ರಯಾಣ ಕೆಟ್ಟಿತು. 2006ರಲ್ಲಿ ಅವರಿಗೆ ಪ್ರವೇಶ ದೊರೆಯಿತೆಂಬುದು ಬೇರೆ ಮಾತು. ವಿಮಾನವೇರುವ ಮುನ್ನವೇ ಪ್ರಯಾಣಿಕನನ್ನು ಪರೀಕ್ಷಿಸುವ ಏರ್ಪಾಟನ್ನು 2007ರ ಕಾನೂನು ವಿಧಿಸಿತು. ಅದರಂತೆ 2009ರ ಜನವರಿ 12ರಿಂದ ಕಡ್ಡಾಯವಾದುದೇ 'ಎಸ್ಟಾ' ಎಂಬ ಪ್ರಯಾಣಾನುಮತಿ. ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ ಪಡೆಯುವ ಇದಕ್ಕೆ 2010ರಲ್ಲಿ 14 ಡಾಲರ್ ಶುಲ್ಕ ಬಂದಿತು. 2022ರಲ್ಲಿ ಅದು 21 ಆಯಿತು. 2025ರ ಸೆಪ್ಟೆಂಬರ್ 30ರಿಂದ 40 ಡಾಲರಿಗೆ ಏರಿತು. ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಏರಿಸುತ್ತ ಹೋಗಲು ಕಾನೂನಿನಲ್ಲಿಯೇ ಅವಕಾಶವುಂಟು. ಸರ್ಕಾರದ ಜಾಲತಾಣವನ್ನೇ ಹೋಲುವ ಖಾಸಗಿ ತಾಣಗಳು ಇದಕ್ಕೂ ಹೆಚ್ಚು ಹಣ ಕೀಳುತ್ತವೆ. ಅವುಗಳ ಬಲೆಗೆ ಬೀಳದಿರುವುದು ಲೇಸು.

ಒಮ್ಮೆ ಪಡೆದ ಅನುಮತಿಯು ಎರಡು ವರ್ಷ ನಡೆಯುತ್ತದೆ. ಅಷ್ಟರೊಳಗೆ ಪಾಸ್‌ಪೋರ್ಟು ಮುಗಿದರೆ ಅದರೊಡನೆ ಇದೂ ಮುಗಿಯುತ್ತದೆ. ಹೊಸ ಪಾಸ್‌ಪೋರ್ಟಿಗೆ ಹೊಸ ಅನುಮತಿ ಬೇಕು. ಪಾಸ್‌ಪೋರ್ಟು ಒಳಗೆ ಚಿಪ್ಪುಳ್ಳದ್ದಾಗಿರಬೇಕೆಂಬ ನಿಯಮ 2016ರ ಏಪ್ರಿಲ್ 1ರಿಂದ ಎಲ್ಲರಿಗೂ ಅನ್ವಯಿಸುತ್ತದೆ. ತೊಟ್ಟಿಲ ಕೂಸಿಗೂ ಪ್ರತ್ಯೇಕ ಪಾಸ್‌ಪೋರ್ಟು, ಪ್ರತ್ಯೇಕ ಎಸ್ಟಾ. ಪ್ರಯಾಣಕ್ಕೆ ಕನಿಷ್ಠ 72 ಗಂಟೆ ಮೊದಲು ಅರ್ಜಿ ಹಾಕಿರೆಂದು ಅಧಿಕಾರಿಗಳು ಹೇಳುತ್ತಾರೆ. ಟಿಕೆಟ್ಟು ಕೊಳ್ಳುವ ಮೊದಲೇ ಹಾಕುವುದು ಜಾಣತನವೆಂದು ನಾವು ಹೇಳುತ್ತೇವೆ.

ಇಲ್ಲಿ ನಮ್ಮ ಹಿರಿಯಮ್ಮನವರಿಗೆ ತೊಡಕಾದ ಅಂಶವನ್ನು ಒತ್ತಿ ಹೇಳಬೇಕಾಗಿದೆ. ಈ ಸೌಲಭ್ಯವು ಬ್ರಿಟನ್ನಿನಲ್ಲಿ ವಾಸಿಸುವವರಿಗಲ್ಲ, ಬ್ರಿಟನ್ನಿನ ಪೂರ್ಣ ಪೌರರಿಗೆ ಮಾತ್ರ. ಬ್ರಿಟಿಷ್ ಪಾಸ್‌ಪೋರ್ಟುಗಳಲ್ಲಿಯೂ ಹಲವು ವರ್ಗಗಳಿವೆ. ಸಾಗರೋತ್ತರ ಪೌರರೆಂದೋ, ಹಾಂಗ್‌ಕಾಂಗಿನ ಸಂಬಂಧದಿಂದ ಬಂದ ಸಾಗರೋತ್ತರ ರಾಷ್ಟ್ರೀಯರೆಂದೋ ನಮೂದಾಗಿರುವವರು ವೀಸಾವನ್ನೇ ಪಡೆಯಬೇಕು. ಗಂಡ ಬ್ರಿಟಿಷ್ ಪ್ರಜೆ, ಹೆಂಡತಿ ಭಾರತೀಯಳೆಂದಾದರೆ ಗಂಡನಿಗೆ ಎಸ್ಟಾ, ಹೆಂಡತಿಗೆ ವೀಸಾ. ಕುಟುಂಬ ಒಂದೇ ಆದರೂ ಕಾನೂನು ಪಾಸ್‌ಪೋರ್ಟನ್ನು ನೋಡುತ್ತದೆಯೇ ಹೊರತು ಮನೆಯನ್ನು ನೋಡುವುದಿಲ್ಲ.

ಇದರ ಇನ್ನೊಂದು ಮುಖವೂ ಉಂಟು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಬೋರಿಸ್ ಜಾನ್ಸನ್ನರು ಹುಟ್ಟಿದ್ದು 1964ರಲ್ಲಿ ನ್ಯೂಯಾರ್ಕಿನಲ್ಲಿ. ಆ ಕಾರಣದಿಂದ ಜನ್ಮತಃ ಅಮೆರಿಕೆಯ ಪ್ರಜೆ. 2006ರಲ್ಲಿ ಕುಟುಂಬದೊಡನೆ ಮೆಕ್ಸಿಕೊ ದೇಶಕ್ಕೆ ಹೊರಟಾಗ ದಾರಿಯಲ್ಲಿ ಹ್ಯೂಸ್ಟನ್ನಿನಲ್ಲಿ ವಿಮಾನ ಬದಲಿಸಬೇಕಾಗಿತ್ತು. ಅಮೆರಿಕೆಯ ಪ್ರಜೆ ಅಮೆರಿಕೆಯ ಪಾಸ್‌ಪೋರ್ಟಿನಲ್ಲಿಯೇ ಒಳಬರಬೇಕು, ಬ್ರಿಟಿಷ್ ಪಾಸ್‌ಪೋರ್ಟು ನಡೆಯದು ಎಂಬ ಅಡ್ಡಿ ಎದುರಾಯಿತು. ಅದನ್ನು ಅವರೇ ಪತ್ರಿಕೆಯಲ್ಲಿ ಸಿಡಿಮಿಡಿಯಿಂದ ಬರೆದುಕೊಂಡರು. 2016ರಲ್ಲಿ ಆ ಪೌರತ್ವವನ್ನೇ ಬಿಟ್ಟರು. ಅಮೆರಿಕೆಯಲ್ಲಿ ಕೆಲವು ವರ್ಷ ದುಡಿದು, ಅಲ್ಲಿಯೇ ಮಕ್ಕಳನ್ನು ಹೆತ್ತು, ಬಳಿಕ ಬ್ರಿಟನ್ನಿಗೆ ಬಂದು ನೆಲೆಸಿದ ನಮ್ಮವರಿಗೂ ಈ ಪ್ರಸಂಗ ಅನ್ವಯಿಸುತ್ತದೆ. ಆ ಮಕ್ಕಳು ಎಸ್ಟಾ ಪಡೆದು ಹೋಗುವಂತಿಲ್ಲ. ವಿಮಾನ ಬದಲಿಸಲೆಂದು ಎರಡು ಗಂಟೆ ಅಮೆರಿಕೆಯ ನಿಲ್ದಾಣದಲ್ಲಿ ಕುಳಿತರೂ ಅದು ಪ್ರವೇಶವೆಂದೇ ಲೆಕ್ಕ. ವೀಸಾ ಇಲ್ಲದ ಹಾದುಹೋಗುವಿಕೆಯನ್ನು ಆ ದೇಶ 2003ರಲ್ಲಿಯೇ ನಿಲ್ಲಿಸಿದೆ.

ಇನ್ನು ಅರ್ಜಿಯಲ್ಲಿನ ಪ್ರಶ್ನೆಗಳು. ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಹಿಂದೆ ಬೇರೆ ದೇಶದ ಪ್ರಜೆಯಾಗಿದ್ದಿರಾ ಎಂಬ ಪ್ರಶ್ನೆಯುಂಟು. ಭಾರತದ ಪೌರತ್ವ ಬಿಟ್ಟು ಬಂದವರು ಹೌದೆಂದೇ ಬರೆಯಬೇಕು. ಬೇರೆ ಹೆಸರುಗಳಿವೆಯೇ ಎಂದು ಕೇಳುತ್ತಾರೆ. ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರುಗಳಲ್ಲಿ ಒಂದನ್ನು ಹಿಂದೆ, ಒಂದನ್ನು ಮುಂದೆ ಮಾಡಿ ಮೂರು ದಾಖಲೆಗಳಲ್ಲಿ ಮೂರು ಬಗೆಯಾಗಿ ಬರೆಸಿಕೊಂಡಿರುವ ಕನ್ನಡಿಗರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಅಮೆರಿಕೆಯ ವೀಸಾ ಎಂದಾದರೂ ನಿರಾಕೃತವಾಗಿದೆಯೇ ಎಂಬುದು ಇನ್ನೊಂದು ಪ್ರಶ್ನೆ. ಎಷ್ಟೋ ವರ್ಷಗಳ ಹಿಂದೆ ವಿದ್ಯಾರ್ಥಿಯಾಗಿದ್ದಾಗ ಚೆನ್ನೈಯಲ್ಲಿ ವೀಸಾ ಸಿಗದೆ ಹಿಂದಿರುಗಿದ್ದನ್ನು ಮರೆತಂತೆ ನಟಿಸಿದರೆ, ಅವರ ಕಡತವೇನೂ ಮರೆತಿರುವುದಿಲ್ಲ. ನಿರಾಕರಣೆಗಿಂತ ಅದನ್ನು ಬಚ್ಚಿಟ್ಟದ್ದೇ ದೊಡ್ಡ ಅಪರಾಧವಾಗುತ್ತದೆ. ಪೊಲೀಸ್ ಪ್ರಕರಣಗಳದೂ ಹೀಗೆಯೇ. ಬ್ರಿಟನ್ನಿನ 1974ರ ಕಾನೂನಿನ ಪ್ರಕಾರ ಹಳೆಯ ಸಣ್ಣ ಶಿಕ್ಷೆಗಳು ಕಾಲಾನಂತರ ಅಳಿದುಹೋದಂತೆ ಎಣಿಸಲ್ಪಡುತ್ತವೆ. ಅಮೆರಿಕೆಯ ವೀಸಾ ಕಾನೂನು ಆ ಅಳಿಸುವಿಕೆಯನ್ನು ಒಪ್ಪುವುದಿಲ್ಲ.

ಹೋದ ದೇಶಗಳ ಲೆಕ್ಕವೂ ಉಂಟು. 2011ರ ಮಾರ್ಚ್ 1ರ ಬಳಿಕ ಇರಾನ್, ಇರಾಕ್, ಸಿರಿಯ, ಸುಡಾನ್, ಲಿಬಿಯ, ಸೊಮಾಲಿಯ, ಯೆಮನ್, ಉತ್ತರ ಕೊರಿಯಗಳಿಗೆ ಹೋಗಿ ಬಂದ ಸಾಮಾನ್ಯ ಪ್ರವಾಸಿಗೆ ಎಸ್ಟಾ ಇಲ್ಲ. ಬ್ರಿಟಿಷರನ್ನು ನಿಜವಾಗಿ ಕಾಡುವುದು ಕ್ಯೂಬಾ. ಚಳಿಗಾಲದ ಬಿಸಿಲಿಗೆಂದು ವರಾಡೇರೊ ಕಡಲತೀರಕ್ಕೆ ಹೋಗುವುದು ಅವರಿಗೆ ಮಾಮೂಲು ಸಂಗತಿ. ಆದರೆ 2021ರ ಜನವರಿ 12ರಂದು ಅಮೆರಿಕೆಯು ಕ್ಯೂಬಾವನ್ನು ಭಯೋತ್ಪಾದನೆಯ ಪೋಷಕ ರಾಷ್ಟ್ರವೆಂದು ಘೋಷಿಸಿತು. ಅಂದಿನಿಂದೀಚೆಗೆ ಅಲ್ಲಿಗೆ ಒಂದು ವಾರದ ರಜೆಗೆ ಹೋಗಿದ್ದರೂ ಎಸ್ಟಾ ದೊರೆಯದು, ವೀಸಾ ಸಂದರ್ಶನಕ್ಕೆ ಹೋಗಬೇಕು. ಮರಳಿನ ಮೇಲೆ ಮಲಗಿ ಬಂದವನಿಗೆ ಇದೇನು ಶಿಕ್ಷೆ ಎನಿಸಿದರೆ ನಾವೂ ಹಾಗೆಯೇ ಅಂದುಕೊಳ್ಳುತ್ತೇವೆ. ನಿಯಮ ಮಾತ್ರ ಹಾಗಿದೆ.

ಇಷ್ಟೆಲ್ಲ ಆಗಿ ಅನುಮತಿ ದೊರೆಯಿತೆನ್ನಿ. ಅದು ಹೊಸ್ತಿಲವರೆಗಿನ ಅನುಮತಿ. ಒಳಗೆ ಬಿಡುವುದು ಬಿಡದಿರುವುದು ನಿಲ್ದಾಣದಲ್ಲಿರುವ ಗಡಿ ಅಧಿಕಾರಿಯ ಕೈಯಲ್ಲಿದೆ. ಆಶ್ರಯ ಬೇಡುವ ಸಂದರ್ಭವನ್ನುಳಿದು ಅವನ ತೀರ್ಮಾನದ ಮೇಲೆ ಮೇಲ್ಮನವಿಯ ಹಕ್ಕನ್ನು ಅರ್ಜಿ ತುಂಬುವಾಗಲೇ ನಾವು ಬಿಟ್ಟುಕೊಟ್ಟಿರುತ್ತೇವೆ. ಬೆರಳಚ್ಚು, ಭಾವಚಿತ್ರಗಳನ್ನು ತೆಗೆದುಕೊಂಡು, ಎಲ್ಲಿಗೆ, ಏಕೆ, ಎಷ್ಟು ದಿನ ಎಂದು ಆತ ಕೇಳುತ್ತಾನೆ. ಐರ್ಲೆಂಡಿನ ಡಬ್ಲಿನ್ ಮತ್ತು ಶ್ಯಾನನ್ ನಿಲ್ದಾಣಗಳ ಮೂಲಕ ಹೋಗುವವರಿಗೆ ಈ ವಿಚಾರಣೆ ಅಲ್ಲಿಯೇ ಮುಗಿಯುವುದುಂಟು. ತಡೆದರೆ ಅಟ್ಲಾಂಟಿಕ್ ದಾಟಿ ಹಿಂದಿರುಗುವ ಕಷ್ಟವಾದರೂ ತಪ್ಪುತ್ತದೆ. 2012ರ ಜನವರಿಯಲ್ಲಿ ಬ್ರಿಟನ್ನಿನ ಯುವಕನೊಬ್ಬ, ಅಮೆರಿಕೆಗೆ ಹೋಗಿ ಅದನ್ನು ಧ್ವಂಸ ಮಾಡುತ್ತೇನೆಂಬರ್ಥದ ಮಾತನ್ನು ಟ್ವಿಟರಿನಲ್ಲಿ ಬರೆದಿದ್ದನಂತೆ. ಅವರ ಆಡುಮಾತಿನಲ್ಲಿ ಅದಕ್ಕೆ ಕುಡಿದು ಕುಣಿಯುವುದೆಂದಷ್ಟೇ ಅರ್ಥ. ಲಾಸ್ ಏಂಜಲೀಸಿನ ಅಧಿಕಾರಿಗಳು ಅಕ್ಷರಾರ್ಥವನ್ನೇ ಹಿಡಿದರು. ಅವನನ್ನೂ ಗೆಳತಿಯನ್ನೂ ಹಿಂದಕ್ಕಟ್ಟಿದರು. ಅರ್ಜಿಯಲ್ಲಿ ಸಾಮಾಜಿಕ ಜಾಲತಾಣಗಳ ವಿವರ ಕೊಡುವುದು 2016ರಲ್ಲಿ ಐಚ್ಛಿಕವಾಗಿ ಸೇರಿತು. ಐದು ವರ್ಷಗಳ ವಿವರವನ್ನು ಕಡ್ಡಾಯ ಮಾಡಬೇಕೆಂಬ ಪ್ರಸ್ತಾವ 2025ರ ಡಿಸೆಂಬರಿನಲ್ಲಿ ಪ್ರಕಟವಾಯಿತು.

ಒಳಗೆ ಬಿಟ್ಟರೆ ಸಿಗುವುದು ಹೆಚ್ಚೆಂದರೆ 90 ದಿನ. ಇದನ್ನು ವಿಸ್ತರಿಸಲು ಬಾರದು. ನಯಾಗರದಲ್ಲಿ ಸೇತುವೆ ದಾಟಿ ಕೆನಡಾದ ಕಡೆಯಿಂದ ಜಲಪಾತ ನೋಡಿ ಮರಳಿದರೆ ದಿನಗಳ ಎಣಿಕೆ ಹೊಸದಾಗಿ ಮೊದಲಾಗುತ್ತದೆಂದು ಕೆಲವರು ನಂಬಿದ್ದಾರೆ. ಹಾಗಿಲ್ಲ, ಕೆನಡಾ, ಮೆಕ್ಸಿಕೊಗಳಲ್ಲಿ ಕಳೆದ ದಿನಗಳೂ ಆ ತೊಂಬತ್ತರಲ್ಲಿಯೇ ಸೇರುತ್ತವೆ. 2022ರ ಅಕ್ಟೋಬರಿನಿಂದ ನೆಲದ ಗಡಿಯಲ್ಲಿಯೂ ಎಸ್ಟಾ ಕಡ್ಡಾಯ. ಒಂದು ದಿನ ಮೀರಿ ನಿಂತರೂ ಮುಂದೆ ಈ ಸೌಲಭ್ಯ ಶಾಶ್ವತವಾಗಿ ತಪ್ಪುತ್ತದೆ.

ದುಡಿಮೆಯ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. 2025ರ ಆರಂಭದಲ್ಲಿ ಪ್ರವಾಸದಲ್ಲಿದ್ದ ಬ್ರಿಟನ್ನಿನ ಯುವತಿಯೊಬ್ಬಳು ಮನೆಗೆಲಸದಲ್ಲಿ ನೆರವಾಗಿ ಅದಕ್ಕೆ ಪ್ರತಿಯಾಗಿ ವಸತಿ ಪಡೆಯುತ್ತಿದ್ದಳು. ಅಮೆರಿಕೆಯಿಂದ ಕೆನಡಾಕ್ಕೆ ಹೋಗುವಾಗ ಇದು ಕೆಲಸವೆಂದು ಕೆನಡಾದವರು ತಡೆದರು. ಹಿಂದಿರುಗಿದಾಗ ಅಮೆರಿಕೆಯವರು ಬಂಧನ ಕೇಂದ್ರದಲ್ಲಿರಿಸಿದರು. ಹತ್ತೊಂಬತ್ತು ದಿನಗಳ ಬಳಿಕ ಅವಳು ಮನೆ ಸೇರಿದಳು. ಆ ಮಾರ್ಚ್ ತಿಂಗಳಲ್ಲಿಯೇ ಬ್ರಿಟನ್ನಿನ ವಿದೇಶಾಂಗ ಇಲಾಖೆಯು, ನಿಯಮ ಮೀರಿದವರು ಬಂಧನಕ್ಕೊಳಗಾಗಬಹುದೆಂದು ತನ್ನ ಪ್ರಜೆಗಳಿಗೆ ನೀಡುವ ಸಲಹೆಯಲ್ಲಿ ಸೇರಿಸಿತು. ಹಣ ಕೈ ಬದಲಾಗದಿದ್ದರೂ ಊಟ ವಸತಿಗಳೇ ಸಂಬಳವೆಂದು ಎಣಿಸಲ್ಪಡಬಹುದು.

ಸುಂಕದ ಕಟ್ಟೆಯ ಮಾತು ಸಂಕ್ಷೇಪವಾಗಿ. ಕುಟುಂಬಕ್ಕೆಲ್ಲ ಸೇರಿ 10,000 ಡಾಲರಿಗೆ ಮೀರಿದ ಹಣವಿದ್ದರೆ ಹೇಳಬೇಕು. ಒಯ್ಯಬಾರದೆಂದಲ್ಲ, ಮುಚ್ಚಿಡಬಾರದೆಂದು. ಹಣ್ಣು, ಕಾಯಿಪಲ್ಲೆ, ಕಾಳುಕಡಿಗಳನ್ನೂ ಹೇಳಬೇಕು. ನಮ್ಮ ಹಿರಿಯಮ್ಮನವರ ಅಕ್ಷತೆಯ ಕಥೆ ಇಲ್ಲಿಗೆ ಬಂದು ಸೇರುತ್ತದೆ. ಭಾರತದ ಅಕ್ಕಿಗೆ ಕೀಟದ ಭಯದಿಂದ ಅಲ್ಲಿ ನಿರ್ಬಂಧವಿದೆಯಂತೆ. ಸೊಸೆ ಗಂಟನ್ನು ತಾನಾಗಿಯೇ ತೋರಿಸಿದಳು. ಅಧಿಕಾರಿ ಅದನ್ನು ತೆಗೆದಿರಿಸಿಕೊಂಡು ದಂಡವಿಲ್ಲದೆ ಕಳಿಸಿಕೊಟ್ಟ. ಮದುವೆಯಲ್ಲಿ ನ್ಯೂಜೆರ್ಸಿಯ ಅಂಗಡಿಯ ಅಕ್ಕಿಗೆ ಅರಿಶಿನ ಬೆರೆಸಿ, ಹಿರಿಯಮ್ಮನವರ ಹೆಸರು ಹೇಳಿ ಹಾಕಿದರಂತೆ.

ಅತಿಯಾಯಿತೆಂದು ಅಮೆರಿಕೆಯೊಂದನ್ನೇ ದೂರುವುದು ನ್ಯಾಯವಲ್ಲ. 2025ರ ಜನವರಿ 8ರಿಂದ ಬ್ರಿಟನ್ನೂ ಅಮೆರಿಕೆಯ ಪ್ರವಾಸಿಗಳಿಂದ ಇಂಥದೇ ಪ್ರಯಾಣಾನುಮತಿಯನ್ನು ಕೇಳತೊಡಗಿದೆ. 10 ಪೌಂಡ್ ಇದ್ದ ಶುಲ್ಕವನ್ನು ಅದೇ ಏಪ್ರಿಲ್‌ನಲ್ಲಿ 16ಕ್ಕೆ ಏರಿಸಿತು.

ಹಿರಿಯಮ್ಮನವರು 2024ರಲ್ಲಿ 185 ಡಾಲರ್ ಶುಲ್ಕ ತೆತ್ತು, ಥೇಮ್ಸ್ ನದಿಯ ದಕ್ಷಿಣಕ್ಕೆ ನೈನ್ ಎಲ್ಮ್ಸ್‌ನಲ್ಲಿರುವ ಅಮೆರಿಕೆಯ ಹೊಸ ರಾಯಭಾರ ಕಚೇರಿಯಲ್ಲಿ ಸಂದರ್ಶನಕ್ಕೆ ನಿಂತರು. ಮುಗಿಸಿಕೊಂಡು ಅದೇ ದಂಡೆಯಲ್ಲಿ ತುಸು ಕೆಳಗೆ, 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಬಳಿ ಕುಳಿತು ಬುತ್ತಿ ಬಿಚ್ಚಿದರೆಂದು ಮಗ ನಮಗೆ ಬರೆದಿದ್ದ. ಭಾರತೀಯರಿಗೆ ಈ ಪ್ರವಾಸಿ ವೀಸಾ ಸಾಮಾನ್ಯವಾಗಿ ಹತ್ತು ವರ್ಷದ ಅವಧಿಗೆ ಸಿಗುತ್ತದೆ. ಅವರಿಗೂ ಹಾಗೆಯೇ ಸಿಕ್ಕಿತು. 2025ರ ಅಕ್ಟೋಬರಿನಲ್ಲಿ ಆ ಮೊಮ್ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಮತ್ತೆ ಪ್ರಯಾಣ ಗೊತ್ತಾಯಿತು. ಹೊರಡಲು ವಾರವಿರುವಾಗ ಮಗ ಪೆಟ್ಟಿಗೆ ಕಟ್ಟುತ್ತಿದ್ದನಂತೆ. ತಾಯಿ ಪಕ್ಕಕ್ಕೆ ಬಂದು, "ನನ್ನ ಚೀಟಿ ಹತ್ತು ವರ್ಸದ್ದೈತಿ. ನಿಂದು ನೋಡ್ಕೊಂಡಿಯೇನೋ?" ಎಂದರು. ಅವನದು ಜೂನಿನಲ್ಲಿಯೇ ಮುಗಿದಿತ್ತು.